ಅನ್ನದ ಪಾತ್ರೆಗೆ ಯಾವ ನೀರು?

ಮೊದಲು ಒಂದು ಲೆಕ್ಕ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಹೇಳಿತು. ಭಾರತೀಯ ಮಾನಕ ಬ್ಯೂರೋದ ಮಿತಿಯೂ ಈಗ ಅಷ್ಟೇ. ಪಾಲಿಶ್ ಮಾಡಿದ ಅಕ್ಕಿಗೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಆಯೋಗ ಕೋಡೆಕ್ಸ್ 2014ರಲ್ಲಿ ಗೊತ್ತು ಮಾಡಿದ ಮಿತಿ ಕಿಲೋಗೆ 200 ಮೈಕ್ರೋಗ್ರಾಂ. ದಿನಕ್ಕೆ 400 ಗ್ರಾಂ ಅಕ್ಕಿಯ ಅನ್ನ ಉಣ್ಣುವ ದುಡಿಮೆಗಾರ ಈ ಮಿತಿಯ ಅಂಚಿನ ಅಕ್ಕಿಯನ್ನೇ ಉಂಡರೂ 80 ಮೈಕ್ರೋಗ್ರಾಂ ಹೊಟ್ಟೆ ಸೇರುತ್ತದೆ. ಅಂದರೆ ಮಿತಿಯ ಅಂಚಿನಲ್ಲಿರುವ ನೀರನ್ನು ಎಂಟು ಲೀಟರ್ ಕುಡಿದ ಹಾಗೆ. ಅನ್ನ ಬೇಯಿಸಲು ಇಟ್ಟ ಒಂದು ಲೀಟರ್ ನೀರಿನಲ್ಲೇ 50 ಮೈಕ್ರೋಗ್ರಾಂ ಇದ್ದು, ಆ ನೀರೆಲ್ಲ ಅಗುಳಿನಲ್ಲಿ ಇಂಗಿದರೆ ಇನ್ನೊಂದು 50 ಕೂಡಿಕೊಳ್ಳುತ್ತದೆ.

ಕುಡಿಯುವುದಕ್ಕೆ ಶುದ್ಧ ನೀರು ತಂದುಕೊಂಡ ಮನೆಯಲ್ಲೂ ಈ ಲೆಕ್ಕ ಬದಲಾಗುವುದಿಲ್ಲ. ಪಶ್ಚಿಮ ಬಂಗಾಳ ನಾಲ್ಕು ದಶಕಗಳ ಸಂಕಟದಿಂದ ಕಲಿತ ಪಾಠ ಇದು. ನಮ್ಮ ಯಾದಗಿರಿ, ರಾಯಚೂರಿನ ಮನೆಗಳಿಗೂ, ಕೆಲಸದ ಮೇಲೆ ಕೋಲ್ಕತ್ತಕ್ಕೆ ಹೋಗಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಈ ಪಾಠ ಬೇಕು ಎಂಬ ಕಾರಣಕ್ಕೆ ಈ ಬರಹ.

1983ರಲ್ಲಿ ಕೋಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಚರ್ಮರೋಗ ತಜ್ಞ ಡಾ. ಕೆ.ಸಿ. ಸಾಹಾ ಅವರ ಮುಂದೆ ಹಳ್ಳಿಗಳಿಂದ ಬಂದ ರೋಗಿಗಳು ನಿಂತರು. ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಚುಕ್ಕೆಗಳು. ಅಂಗೈ ಅಂಗಾಲುಗಳಲ್ಲಿ ಗಟ್ಟಿಯಾದ ಗಂಟುಗಳು. ಅದು ಆರ್ಸೆನಿಕ್ ವಿಷ, ಬಂದದ್ದು ಕೊಳವೆ ಬಾವಿಯಿಂದ ಎಂದು ಅವರು ಗುರುತಿಸಿದರು. 1988ರಿಂದ ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಹಳ್ಳಿ ಹಳ್ಳಿ ಸುತ್ತಿ ನೀರು, ಕೂದಲು, ಉಗುರು ಸಂಗ್ರಹಿಸಿ ಅಳೆದರು. 2018ರಲ್ಲಿ ತೀರಿಕೊಳ್ಳುವ ತನಕ ಅವರ ಬದುಕೇ ಈ ಕೆಲಸವಾಗಿತ್ತು. ಮಾಲ್ದಾ, ಮುರ್ಷಿದಾಬಾದ್, ನದಿಯಾ, ಉತ್ತರ ಮತ್ತು ದಕ್ಷಿಣ 24 ಪರಗಣ ಜಿಲ್ಲೆಗಳು ಅತಿ ಹೆಚ್ಚು ಬಾಧಿತವೆಂದು ಗೊತ್ತಾಯಿತು. ಕೋಲ್ಕತ್ತದ ದಕ್ಷಿಣ ಭಾಗದ ಕೆಲವು ಕಡೆಯ ಅಂತರ್ಜಲದಲ್ಲೂ ಆರ್ಸೆನಿಕ್ ಕಂಡಿತು.

ಯಾರೋ ಸುರಿದ ವಿಷವಲ್ಲ ಇದು. ಹಿಮಾಲಯದಿಂದ ಗಂಗೆ ಹೊತ್ತು ತಂದ ಮೆಕ್ಕಲು ಮಣ್ಣಿನ ಕಣಗಳಲ್ಲಿ ಕಬ್ಬಿಣದ ತುಕ್ಕಿಗೆ ಅಂಟಿಕೊಂಡೇ ಆರ್ಸೆನಿಕ್ ಬಂದಿದೆ. ನೆಲದಾಳದಲ್ಲಿ ಗಾಳಿ ಸಿಗದೆ, ಕೊಳೆತ ಸಸ್ಯಗಳ ನಡುವೆ ಸೂಕ್ಷ್ಮಜೀವಿಗಳು ಕೆಲಸ ಮಾಡುವಾಗ ಆ ತುಕ್ಕು ಕರಗುತ್ತದೆ, ಆರ್ಸೆನಿಕ್ ನೀರಿಗಿಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಕೆರೆಕುಂಟೆಯ ನೀರು ಕುಡಿದು ಕಾಲರಾದಿಂದ ಸಾಯಬೇಡಿ, ಕೊಳವೆ ಬಾವಿಯ ತಿಳಿನೀರು ಕುಡಿಯಿರಿ ಎಂದು ಹಿಂದಿನ ತಲೆಮಾರಿನ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಹೇಳಿದ್ದರು. ಮುಂದೆ ಅದೇ ಇಲಾಖೆಯವರು ಬಂದು ಕೊಳವೆ ಬಾವಿ ಬಿಡಿ ಎಂದಾಗ ಜನ ಥಟ್ಟನೆ ನಂಬದೆ ಹೋದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಈ ವಿಷಯದಲ್ಲಿ ಜನಶಿಕ್ಷಣ ಮಾಡಹೊರಟವರು ಈ ಇತಿಹಾಸವನ್ನು ಒಪ್ಪಿಕೊಂಡೇ ಮಾತು ಶುರು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅನ್ನದೊಳಗೆ ಅದು ಹೇಗೆ ಬಂತು ಎಂಬುದಕ್ಕೆ ಹಸಿರು ಕ್ರಾಂತಿಯ ಕಾಲಕ್ಕೆ ಹೋಗಬೇಕು. ಬಂಗಾಳದಲ್ಲಿ ಮಳೆಯನ್ನೇ ನೆಚ್ಚಿ ಬೆಳೆಯುತ್ತಿದ್ದ ಭತ್ತ ಆಮನ್. ಕೊಳವೆ ಬಾವಿಗಳು ಬಂದ ಮೇಲೆ ಬೇಸಿಗೆಯಲ್ಲೂ ಬೋರೊ ಎಂಬ ಭತ್ತ ಹಬ್ಬಿತು. ತಿಂಗಳುಗಟ್ಟಲೆ ಗದ್ದೆಯಲ್ಲಿ ನಿಲ್ಲುವ ಅಂತರ್ಜಲದ ಜೊತೆಗೆ ಆರ್ಸೆನಿಕ್ ಮೇಲ್ಮಣ್ಣಿಗೆ ಇಳಿಯುತ್ತಾ ಬಂತು. ನೀರು ನಿಂತ ಮಣ್ಣಿನಲ್ಲಿ ಅದು ಹೆಚ್ಚು ಕರಗುವ ರೂಪ ತಾಳುತ್ತದೆ. ಭತ್ತದ ಬೇರು ಸಿಲಿಕಾನ್ ಹೀರಲು ಇಟ್ಟುಕೊಂಡ ದಾರಿಯಲ್ಲೇ ಅದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಗೋಧಿ, ರಾಗಿ, ಜೋಳದಂಥ ಒಣಭೂಮಿಯ ಬೆಳೆಗಳಿಗೆ ಈ ತೊಂದರೆ ಅಷ್ಟಿಲ್ಲ. ಸಸ್ಯದೊಳಗೆ ಬೇರಿನಲ್ಲಿ ಅತಿ ಹೆಚ್ಚು, ಹುಲ್ಲಿನಲ್ಲಿ ಅದಕ್ಕಿಂತ ಕಡಿಮೆ, ಕಾಳಿನಲ್ಲಿ ಇನ್ನೂ ಕಡಿಮೆ. ಕಾಳಿನಲ್ಲೂ ತೌಡಿನ ಪದರದಲ್ಲೇ ಹೆಚ್ಚು. ಹಾಗಾಗಿ ಅಕ್ಕಿಯನ್ನು ಪಾಲಿಶ್ ಮಾಡದೆ ಉಣ್ಣುವುದು ಆರೋಗ್ಯಕ್ಕೆ ಒಳ್ಳೆಯದು ಎನ್ನುವ ಸಾಮಾನ್ಯ ಸಲಹೆ ಬಾಧಿತ ಪ್ರದೇಶದ ಅಕ್ಕಿಗೆ ಹೊಂದುವುದಿಲ್ಲ.

ಅನ್ನದ ಆರ್ಸೆನಿಕ್ ದೇಹಕ್ಕೆ ನಿಜವಾಗಿ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರವೂ ಕೋಲ್ಕತ್ತದಿಂದ ಬಂತು. ಅಲ್ಲಿನ ಭಾರತೀಯ ರಾಸಾಯನಿಕ ಜೀವವಿಜ್ಞಾನ ಸಂಸ್ಥೆಯ ಅಶೋಕ್ ಕೆ. ಗಿರಿ ಮತ್ತು ಬ್ರಿಟನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಡಿಯುವ ನೀರಿನಲ್ಲಿ ಹೆಚ್ಚು ಆರ್ಸೆನಿಕ್ ಇಲ್ಲದ ಬಂಗಾಳದ ಹಳ್ಳಿಗರನ್ನೇ ಆರಿಸಿಕೊಂಡಿದ್ದರು. ಬೆಂದ ಅನ್ನದಲ್ಲಿ ಕಿಲೋಗೆ 200 ಮೈಕ್ರೋಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇದ್ದವರ ಮೂತ್ರನಾಳದ ಕೋಶಗಳಲ್ಲಿ ವಂಶವಾಹಿ ಹಾನಿಯ ಗುರುತುಗಳು ಹೆಚ್ಚಾಗಿ ಕಂಡವು. ಆರ್ಸೆನಿಕ್ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೆ ಕಾರಣವೆಂದು ಈಗಾಗಲೇ ಗೊತ್ತಿರುವ ವಸ್ತು. ನೀರು ಬದಲಿಸಿದರೆ ಸಾಕು ಎಂಬ ಮಾತು ಅಲ್ಲಿಗೆ ನಿಂತಿತು.

ಅಡುಗೆಮನೆಯಲ್ಲಿ

ಇಲ್ಲಿ ಸಮಾಧಾನದ ಸುದ್ದಿ ಇದೆ, ಅದನ್ನು ವಿವರವಾಗಿ ಹೇಳಬೇಕು. ಜಾದವ್‌ಪುರದ ತಂಡ 2006ರಲ್ಲಿ ಅನ್ನ ಮಾಡುವ ಮೂರು ಕ್ರಮಗಳನ್ನು ಹೋಲಿಸಿತು. ಅಕ್ಕಿಯನ್ನು ನೀರು ತಿಳಿಯಾಗುವ ತನಕ ತೊಳೆದು, ಆರು ಪಟ್ಟು ನೀರಿನಲ್ಲಿ ಬೇಯಿಸಿ, ಗಂಜಿ ಬಸಿದ ಅನ್ನದಲ್ಲಿ ಆರ್ಸೆನಿಕ್ ಶೇ 57ರವರೆಗೂ ಕಡಿಮೆಯಾಗಿತ್ತು. ಹೋದದ್ದರಲ್ಲಿ ಸುಮಾರು ಅರ್ಧ ತೊಳೆದ ನೀರಿನ ಜೊತೆ, ಉಳಿದರ್ಧ ಬಸಿದ ಗಂಜಿಯ ಜೊತೆ. ತೊಳೆದು, ಇಂಗುವಷ್ಟೇ ನೀರಿಟ್ಟು ಬೇಯಿಸಿದಾಗ ಶೇ 28ರಷ್ಟು ಹೋಯಿತು. ತೊಳೆಯದೆ, ಒಂದೂವರೆ ಎರಡು ಪಟ್ಟು ನೀರು ಹಾಕಿ, ಎಲ್ಲವನ್ನೂ ಇಂಗಿಸುವ ಈಗಿನ ಕ್ರಮದಲ್ಲಿ ಒಂದಿಷ್ಟೂ ಹೋಗಲಿಲ್ಲ. ನಮ್ಮ ಕುಕ್ಕರ್ ಅನ್ನ ಈ ಕೊನೆಯ ಸಾಲಿಗೆ ಹತ್ತಿರ. ಅಜ್ಜಿಯರು ಅಗಲ ಬಾಯಿಯ ಪಾತ್ರೆಯಲ್ಲಿ ಕುದಿಸಿ, ತಟ್ಟೆ ಮುಚ್ಚಿ, ಬಟ್ಟೆ ಹಿಡಿದು ಓರೆ ಮಾಡಿ ಬಸಿಯುತ್ತಿದ್ದ ಅನ್ನ ಮೊದಲನೆಯದು.

ಆದರೆ ಈ ಫಲ ಸಿಕ್ಕಿದ್ದು ಆರ್ಸೆನಿಕ್ ಇಲ್ಲವೇ ಇಲ್ಲ ಎನ್ನಬಹುದಾದ ನೀರಿನಲ್ಲಿ ಬೇಯಿಸಿದಾಗ ಮಾತ್ರ. ವಿಷದ ನೀರು ಆರು ಪಟ್ಟು ಹಾಕಿದರೆ ಅಗುಳು ಅದನ್ನೇ ಹೀರಿಕೊಳ್ಳುತ್ತದೆ. ಹಾಗಾಗಿ ಒಂದೇ ಒಂದು ಮಾತು ಹೇಳಲು ಅವಕಾಶವಿದ್ದರೆ ಹೇಳಬೇಕಾದದ್ದು ಇದು: ಕುಡಿಯುವ ನೀರಿನಲ್ಲೇ ಅನ್ನ ಮಾಡಿ. ಕರ್ನಾಟಕದ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕದಿಂದ ನಾಣ್ಯ ಹಾಕಿ ತಂದ ಕ್ಯಾನ್ ಕುಡಿಯಲು ಮೀಸಲು; ಅಕ್ಕಿ ತೊಳೆಯಲು, ಬೇಳೆ ಬೇಯಿಸಲು, ಹಿಟ್ಟು ಕಲಸಲು ಬೋರ್ ನೀರು. ಒಂದು ಕೊಡ ನೀರು ಹೊತ್ತು ತರುವುದು ಎಷ್ಟು ಕಷ್ಟ ಎಂದು ಬಲ್ಲವರು ಇದನ್ನು ದೂರಲಾರರು. ಆರ್ಸೆನಿಕ್ ಇರುವ ಊರಿನಲ್ಲಿ ಮಾತ್ರ ಈ ವಿಂಗಡಣೆ ನಮ್ಮ ಶ್ರಮವನ್ನೇ ವ್ಯರ್ಥ ಮಾಡುತ್ತದೆ. ನೀರು ಸಾಲದಿದ್ದರೆ ಪಾತ್ರೆ ಬಟ್ಟೆ ತೊಳೆಯಲು, ಸ್ನಾನಕ್ಕೆ ಬೋರ್ ನೀರು ಬಳಸಿ. ಆರ್ಸೆನಿಕ್ ಚರ್ಮದ ಮೂಲಕ ಒಳಹೋಗುವುದು ತೀರಾ ಕಡಿಮೆ. ಬಾಯಿಗೆ ಹೋಗುವ ಎಲ್ಲದಕ್ಕೂ ಕ್ಯಾನಿನ ನೀರು. ಅಕ್ಕಿಯ ಮೊದಲ ಎರಡು ತೊಳೆತ ಬೋರ್ ನೀರಿನಲ್ಲಿ ಆದರೂ ಕೊನೆಯ ತೊಳೆತ ಮತ್ತು ಬೇಯಿಸುವುದು ಶುದ್ಧ ನೀರಿನಲ್ಲೇ ಆಗಲಿ.

ಆರು ಪಟ್ಟು ನೀರು ಒಮ್ಮೆಗೇ ಇಡುವಷ್ಟು ಅನುಕೂಲವಿಲ್ಲದವರಿಗೆ ಇನ್ನೊಂದು ದಾರಿಯಿದೆ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2020ರಲ್ಲಿ ಪರೀಕ್ಷಿಸಿದ ಕ್ರಮ ಅದು. ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರು ಕುದಿಸಿ, ಕುದಿಯುವ ನೀರಿಗೆ ಅಕ್ಕಿ ಹಾಕಿ ಐದು ನಿಮಿಷ ಬಿಟ್ಟು, ಆ ನೀರು ಚೆಲ್ಲಿ, ಹೊಸದಾಗಿ ಎರಡು ಲೋಟ ಶುದ್ಧ ನೀರು ಹಾಕಿ ಸಣ್ಣ ಉರಿಯಲ್ಲಿ ಇಂಗಿಸುವುದು. ಬಿಳಿ ಅಕ್ಕಿಯಲ್ಲಿ ಆರ್ಸೆನಿಕ್ ಶೇ 73ರಷ್ಟು, ಪಾಲಿಶ್ ಮಾಡದ ಅಕ್ಕಿಯಲ್ಲಿ ಶೇ 54ರಷ್ಟು ಕಡಿಮೆಯಾಯಿತು.

ಬಸಿದ ಗಂಜಿಯನ್ನು ಏನು ಮಾಡುವುದು? ಈ ಪ್ರಶ್ನೆಗೆ ಬಂಗಾಳದಲ್ಲಿ ಬೇರೆಯೇ ತೂಕವಿದೆ. ಗಂಜಿಗೆ ಅವರು ಫ್ಯಾನ್ ಎನ್ನುತ್ತಾರೆ. 1943ರ ಬರಗಾಲದಲ್ಲಿ ಕೋಲ್ಕತ್ತದ ಬೀದಿಗಳಲ್ಲಿ ಹಸಿದವರು ಅನ್ನ ಕೇಳುವ ಧೈರ್ಯವೂ ಇಲ್ಲದೆ ಮನೆ ಮನೆ ಮುಂದೆ ನಿಂತು ಫ್ಯಾನ್ ಕೊಡಿ ಎಂದು ಕೂಗಿದ್ದರು. ಆ ನೆನಪಿರುವ ಮನೆತನಗಳಲ್ಲಿ ಗಂಜಿ ಚೆಲ್ಲಿ ಎಂದು ಹೇಳುವುದು ಸಲೀಸಲ್ಲ. ನಮ್ಮಲ್ಲೂ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಯುತ್ತಾರೆ, ಅಕ್ಕಚ್ಚು ಕಲಗಚ್ಚಿನ ಬಾನಿಗೆ ಸೇರಿ ದನಕ್ಕೆ ಹೋಗುತ್ತದೆ. ಆರ್ಸೆನಿಕ್ ಇಲ್ಲದ ಊರಿನಲ್ಲಿ ಅದೆಲ್ಲ ಹಾಗೆಯೇ ಮುಂದುವರಿಯಲಿ. ಬಾಧಿತ ಊರಿನಲ್ಲಿ ಮಾತ್ರ ಅದನ್ನು ಕುಡಿಯುವುದು, ಮಗುವಿಗೆ ಕೊಡುವುದು, ಹಸುವಿಗೆ ಇಡುವುದು ಬೇಡ. ಹಸುವಿಗೆ ಅದೇ ಗದ್ದೆಯ ಹುಲ್ಲಿನಿಂದಲೇ ಸಾಕಷ್ಟು ಆರ್ಸೆನಿಕ್ ಸಿಗುತ್ತಿರುತ್ತದೆ.

ಬಸಿದಾಗ ಬಿ ಗುಂಪಿನ ಜೀವಸತ್ವಗಳೂ ಒಂದಿಷ್ಟು ಹೋಗುತ್ತವೆ ಎಂಬುದು ನಿಜ. ಪಡಿತರದಲ್ಲಿ ಬರುವ ಸಾರವರ್ಧಿತ ಅಕ್ಕಿಗೆ ಸೇರಿಸಿದ ಕಬ್ಬಿಣ, ಫೋಲಿಕ್ ಆಮ್ಲವೂ ಹೆಚ್ಚು ನೀರಿನಲ್ಲಿ ಸ್ವಲ್ಪ ಸೋರುತ್ತವೆ. ಇದನ್ನು ಮುಚ್ಚಿಟ್ಟು ಸಲಹೆ ಕೊಡಬಾರದು. ಅಲ್ಲಿ ಕಳೆದದ್ದನ್ನು ಪಲ್ಯ, ಸಾರಿನಲ್ಲಿ ತುಂಬಿಕೊಳ್ಳಬೇಕು: ಬೇಳೆ, ಸೊಪ್ಪು, ಮೊಟ್ಟೆ, ಮೀನು, ಹಾಲು. ಇದು ಬರೀ ಉಪಚಾರದ ಮಾತಲ್ಲ. ದೇಹ ಆರ್ಸೆನಿಕ್ಕನ್ನು ರೂಪ ಬದಲಿಸಿ ಮೂತ್ರದಲ್ಲಿ ಹೊರಹಾಕಲು ಫೋಲೇಟ್ ಬೇಕು. ಬಂಗಾಳದಲ್ಲೇ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರಾಣಿಜನ್ಯ ಪ್ರೋಟೀನ್, ಕ್ಯಾಲ್ಸಿಯಂ, ನಾರು, ಫೋಲೇಟ್ ಕಡಿಮೆ ತಿನ್ನುವವರಲ್ಲಿ ಚರ್ಮದ ಗಾಯಗಳ ಸಾಧ್ಯತೆ ಹೆಚ್ಚಿತ್ತು. ಒಂದೇ ಬಾವಿಯ ನೀರು ಕುಡಿದರೂ ಬಡವರ ಮನೆಗೆ ರೋಗ ಮೊದಲು ಬರುವುದಕ್ಕೆ ಇದೂ ಒಂದು ಕಾರಣ. ಅಂಗನವಾಡಿಯ ಮೊಟ್ಟೆಯನ್ನು ಈ ದೃಷ್ಟಿಯಿಂದಲೂ ನೋಡಬೇಕು.

ಅಕ್ಕಿಯ ಆಯ್ಕೆಯಲ್ಲಿ ಎರಡು ಸಂಗತಿ ತಿಳಿದಿರಲಿ. ಬಂಗಾಳದ ಸೆದ್ಧೊ ಚಾಲ್ ನಮ್ಮ ಕುಚ್ಚಲಕ್ಕಿ, ಆತಪ್ ಚಾಲ್ ನಮ್ಮ ಬೆಳ್ತಿಗೆ. ಭತ್ತವನ್ನು ಕುಚ್ಚುವಾಗ ಬಾಧಿತ ಊರಿನ ಕೊಳವೆ ಬಾವಿ ನೀರನ್ನೇ ಬಳಸಿದರೆ ಅಕ್ಕಿಯಲ್ಲಿ ಆರ್ಸೆನಿಕ್ ಏರುತ್ತದೆ ಎಂದು ಜಾದವ್‌ಪುರದ ಸಂಶೋಧಕರು ತೋರಿಸಿದ್ದಾರೆ. ಇದು ಕುಚ್ಚಲಕ್ಕಿಯ ದೋಷವಲ್ಲ, ಕುಚ್ಚಿದ ನೀರಿನ ದೋಷ. ದಕ್ಷಿಣ ಕನ್ನಡದವರು ಗಾಬರಿಯಾಗಬೇಕಿಲ್ಲ. ಇನ್ನೊಂದು, ಬೋರೊ ಅಕ್ಕಿಗಿಂತ ಮಳೆಯ ಆಮನ್ ಅಕ್ಕಿ ಸಾಮಾನ್ಯವಾಗಿ ಮೇಲು. ಕೋಲ್ಕತ್ತದ ಸಂತೆಗೆ ಸುತ್ತಲ ಜಿಲ್ಲೆಗಳ ಅಕ್ಕಿ, ತರಕಾರಿ ಬರುತ್ತದೆ; ಎಲ್ಲವೂ ಬಾಧಿತವಲ್ಲ, ನೋಡಿ ಗುರುತಿಸಲೂ ಬಾರದು. ಹಾಗಾಗಿ ಒಂದೇ ಬಗೆಗೆ ಅಂಟಿಕೊಳ್ಳದೆ ಊರು, ತಳಿ ಬದಲಿಸುತ್ತಾ ಕೊಳ್ಳುವುದು ಜಾಣತನ. ಮುಡಿ ಎಂದು ಅಲ್ಲಿ ಬೆಳಿಗ್ಗೆ ಸಂಜೆ ತಿನ್ನುವ ಮಂಡಕ್ಕಿ, ಚಿಡೆ ಎಂಬ ಅವಲಕ್ಕಿ, ರಾತ್ರಿ ನೀರಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಉಣ್ಣುವ ಪಾಂತಾ ಭಾತ್, ಇವೆಲ್ಲವನ್ನೂ ಅನ್ನದ ಲೆಕ್ಕಕ್ಕೇ ಸೇರಿಸಿ. ಒಂದು ಹೊತ್ತು ರೊಟ್ಟಿ, ಚಪಾತಿ, ಮುದ್ದೆಗೆ ತಿರುಗಿದರೆ ಹೊರೆ ಅಷ್ಟು ಇಳಿಯಿತು. ಕೋಲ್ಕತ್ತದಲ್ಲಿರುವ ಕನ್ನಡಿಗರಿಗೆ ಊರಿನಿಂದ ಬರುವ ರಾಗಿಹಿಟ್ಟು ಇಲ್ಲಿ ನಾಲಿಗೆಯ ಆಸೆಗಿಂತ ದೊಡ್ಡ ಕೆಲಸ ಮಾಡುತ್ತದೆ. ಮಗುವಿಗೆ ಮೊದಲ ಆಹಾರ ಕೊಡುವಾಗಲೂ ಅಕ್ಕಿಯ ಸರಿಯೊಂದೇ ಬೇಡ, ರಾಗಿ ಸರಿಯೂ ಇರಲಿ. ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಉಣ್ಣುತ್ತಾರೆ.

ಕೆಸುವಿನಂಥ ಗೆಡ್ಡೆಗಳನ್ನು ಮಣ್ಣು ಹೋಗುವಂತೆ ಉಜ್ಜಿ ತೊಳೆದು ಸಿಪ್ಪೆ ದಪ್ಪಗೆ ಹೆರೆಯಿರಿ. ಸಮುದ್ರದ ಮೀನಿನಲ್ಲಿ ಆರ್ಸೆನಿಕ್ ಇದೆ ಎಂದು ಎಲ್ಲೋ ಓದಿ ಮೀನು ಬಿಡುವವರಿದ್ದಾರೆ. ಅದರಲ್ಲಿರುವುದು ಬಹುಪಾಲು ದೇಹಕ್ಕೆ ಅಪಾಯ ಮಾಡದ ಸಾವಯವ ರೂಪ. ಮೀನು ಬಿಡಬೇಡಿ.

ಯಾವ ನೀರು ಎಂದು ತಿಳಿಯುವ ಬಗೆ

ಕುದಿಸಿದರೆ ಆರ್ಸೆನಿಕ್ ಹೋಗದು, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಲೋರಿನ್, ನೇರಳಾತೀತ ದೀಪದ ಫಿಲ್ಟರ್ ಯಾವುದಕ್ಕೂ ಜಗ್ಗದು. ಆರ್‌ಒ ಯಂತ್ರ ತೆಗೆಯುತ್ತದೆ, ಆದರೆ ಅಂತರ್ಜಲದಲ್ಲಿ ಹೆಚ್ಚಾಗಿರುವ ರೂಪವನ್ನು ಪೂರ್ತಿ ತಡೆಯದೆಯೂ ಇರಬಹುದು. ಯಂತ್ರದಿಂದ ಹೊರಬಂದ ನೀರನ್ನೂ ಒಮ್ಮೆ ಪರೀಕ್ಷೆಗೆ ಕೊಡಿ; ಅದು ತ್ಯಾಜ್ಯವಾಗಿ ಹೊರಗೆ ಬಿಡುವ ನೀರನ್ನು ಅಡುಗೆಗೂ ಕೈತೋಟಕ್ಕೂ ಬಳಸಬೇಡಿ. ಕೋಲ್ಕತ್ತದ ಪಾಲಿಕೆ ಪಲ್ತಾ, ಗಾರ್ಡನ್ ರೀಚ್ ಘಟಕಗಳಿಂದ ಕೊಡುವುದು ಹೂಗ್ಲಿ ನದಿಯ ಸಂಸ್ಕರಿಸಿದ ನೀರು. ಆರ್ಸೆನಿಕ್ ವಿಷಯದಲ್ಲಿ ಅದು ನಂಬಬಹುದಾದದ್ದು. ಜಾದವ್‌ಪುರ, ಟಾಲಿಗಂಜ್, ಬೆಹಾಲಾ ಕಡೆ ಬಾಡಿಗೆ ಮನೆ ಹಿಡಿಯುವವರು ನಲ್ಲಿಯಲ್ಲಿ ಬರುವುದು ಪಾಲಿಕೆಯ ನೀರೋ, ಕಟ್ಟಡದ ಸ್ವಂತ ಡೀಪ್ ಟ್ಯೂಬ್‌ವೆಲ್ ನೀರೋ, ಎರಡೂ ಒಂದೇ ತೊಟ್ಟಿಯಲ್ಲಿ ಬೆರೆಯುತ್ತವೋ ಎಂದು ಮೊದಲೇ ಕೇಳಿ. ಪರೀಕ್ಷೆಗೆ ಕೊಡುವಾಗ ಆರ್ಸೆನಿಕ್ ಎಂದೇ ಹೇಳಿ. ಸಾಮಾನ್ಯ ಪರೀಕ್ಷೆಯ ಪಟ್ಟಿಯಲ್ಲಿ ಅದು ಇರದೆ ಹೋಗಬಹುದು.

ಕರ್ನಾಟಕಕ್ಕೆ ಇದು ದೂರದ ಕಥೆಯಲ್ಲ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಮಂಗಳೂರು (ಕರಾವಳಿಯ ಮಂಗಳೂರಲ್ಲ) ಸುತ್ತಲಿನ ಹಳೆಯ ಚಿನ್ನದ ಗಣಿ ಪ್ರದೇಶದಲ್ಲಿ ಕಿರದಳ್ಳಿ ತಾಂಡಾ ಇದೆ. ಬಂಗಾಳದಲ್ಲಿ ಕೆಲಸ ಮಾಡಿದ ಅದೇ ದೀಪಂಕರ ಚಕ್ರವರ್ತಿ ಕರ್ನಾಟಕದ ಸಂಶೋಧಕರ ಜೊತೆ ಸೇರಿ ಈ ಭಾಗವನ್ನು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ 59 ಕೊಳವೆ ಬಾವಿಗಳಲ್ಲಿ ಶೇ 79ರಷ್ಟರಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು, ಒಂದರಲ್ಲಿ ಲೀಟರಿಗೆ 303 ಮೈಕ್ರೋಗ್ರಾಂ ಇತ್ತು. ತಪಾಸಣೆ ಮಾಡಿದ 181 ಜನರಲ್ಲಿ ಶೇ 58.6 ಮಂದಿಯ ಚರ್ಮದಲ್ಲಿ ಗುರುತುಗಳಿದ್ದವು. ಮಣ್ಣಿನಲ್ಲೂ ವಿಪರೀತ ಆರ್ಸೆನಿಕ್ ಇತ್ತು. ಅದಿರು ತೆಗೆದು ಸುರಿದ ಗಣಿತ್ಯಾಜ್ಯ ಅದರ ಕಾರಣವಿರಬೇಕು. ಇಂಥ ಕಡೆ ಅನ್ನ ಬಸಿಯುವ ಜೊತೆಗೆ ಮಕ್ಕಳ ಕೈ ತೊಳೆಸುವುದು, ಗಣಿಯ ಮಣ್ಣನ್ನು ಮನೆ ಸಾರಿಸಲು, ಅಂಗಳಕ್ಕೆ ಹಾಕಲು ತರದಿರುವುದು ಅಷ್ಟೇ ಮುಖ್ಯ.

ಹೇಳುವವರಿಗೆ

ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು, ಪಂಚಾಯಿತಿ ಸದಸ್ಯರು ಓದುತ್ತಿದ್ದರೆ ಅವರಿಗೆ ನಾಲ್ಕು ಮಾತು. ಮಾಹಿತಿ ಕೊಟ್ಟರೆ ಜನ ಬದಲಾಗುವುದಿಲ್ಲ ಎಂಬ ನಿರಾಶೆಯ ಮಾತು ನಿಜವಲ್ಲ. ಬಾಂಗ್ಲಾದೇಶದ ಅಡೈಹಜಾರ್‌ನಲ್ಲಿ ಪ್ರತಿ ಬಾವಿ ಪರೀಕ್ಷಿಸಿ ಫಲಿತಾಂಶ ತಿಳಿಸಿದಾಗ, ತಮ್ಮ ಬಾವಿ ಅಪಾಯಕಾರಿ ಎಂದು ತಿಳಿದವರಲ್ಲಿ ಶೇ 60ರಷ್ಟು ಮಂದಿ ಒಂದು ವರ್ಷದೊಳಗೆ ಬೇರೆ ಬಾವಿಗೆ ಹೋದರು. ಅಲ್ಲಿ ಕೆಲಸ ಮಾಡಿದ್ದು ನಿಮ್ಮ ಊರಿನಲ್ಲಿ ಆರ್ಸೆನಿಕ್ ಇದೆ ಎಂಬ ಘೋಷಣೆಯಲ್ಲ, ನಿಮ್ಮ ಈ ಬಾವಿಯಲ್ಲಿ ಇಷ್ಟಿದೆ, ಪಕ್ಕದ ಆ ಬಾವಿಯಲ್ಲಿ ಇಲ್ಲ ಎಂಬ ಖಚಿತ ಮಾತು. ಪರೀಕ್ಷೆಯನ್ನು ಮನೆಯವರ ಕಣ್ಣೆದುರೇ ಮಾಡಿ. ಜಲಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸುವ ವ್ಯವಸ್ಥೆಯಿದೆ. ಬಾಧಿತ ಜಿಲ್ಲೆಗಳಲ್ಲಿ ಅವರ ಕಿಟ್‌ನಲ್ಲಿ ಆರ್ಸೆನಿಕ್ ಪರೀಕ್ಷೆಯೂ ಇರಲಿ ಎಂದು ಪಂಚಾಯಿತಿ ಕೇಳಬೇಕು. ಇಂದು ಶುದ್ಧವಾಗಿರುವ ಬಾವಿ ಮುಂದೆ ಕೆಡಬಹುದು, ಮತ್ತೆ ಮತ್ತೆ ನೋಡಬೇಕು.

ಅಡುಗೆಯ ಪಾಠವನ್ನು ಭಾಷಣದಲ್ಲಿ ಹೇಳದೆ ಶಾಲೆಯ ಬಿಸಿಯೂಟದ ಒಲೆಯ ಮುಂದೆ ಮಾಡಿ ತೋರಿಸಿ. ಅಲ್ಲಿಯ ಅಡುಗೆಯವರು ಕಲಿತರೆ ನೂರಾರು ಮಕ್ಕಳ ಒಂದು ಹೊತ್ತಿನ ಊಟ ಸರಿಯಾಯಿತು, ಅವರ ಮಾತನ್ನು ಊರಿನ ಹೆಂಗಸರು ಕೇಳುತ್ತಾರೆ. ಆದರೆ ಹೊರೆಯನ್ನೆಲ್ಲ ಹೆಂಗಸರ ತಲೆಗೇ ಕಟ್ಟಬೇಡಿ. ಆರು ಪಟ್ಟು ನೀರು ಎಂದರೆ ದಿನಕ್ಕೆ ಇನ್ನಷ್ಟು ಕೊಡ ನೀರು. ಅದನ್ನು ತರುವವರು ಯಾರು ಎಂಬುದು ಮನೆಯ ಗಂಡಸರ ಎದುರಿಗೇ ಚರ್ಚೆಯಾಗಬೇಕು. ಸರ್ಕಾರ ನದಿಯ ನೀರನ್ನು ಮನೆ ಬಾಗಿಲಿಗೆ ತರುವ ತನಕದ ದಾರಿ ಇದು, ಅದಕ್ಕೆ ಬದಲಿಯಲ್ಲ. ರೈತರಿಗೆ ಹೇಳುವಾಗ ಗದ್ದೆಯನ್ನು ಸದಾ ನೀರಿನಲ್ಲಿ ಮುಳುಗಿಸದೆ ಆಗಾಗ ಒಣಗಲು ಬಿಟ್ಟು ಮತ್ತೆ ಹಾಯಿಸುವ ಕ್ರಮವನ್ನು ತಿಳಿಸಿ. ಕಾಳಿನ ಆರ್ಸೆನಿಕ್ ಇಳಿಯುತ್ತದೆ, ನೀರೂ ಉಳಿಯುತ್ತದೆ.

ಬಂಗಾಳದ ಹಳ್ಳಿಗಳಲ್ಲಿ ಚರ್ಮದ ಗುರುತುಗಳನ್ನು ಕುಷ್ಠವೆಂದು, ಶಾಪವೆಂದು ತಿಳಿದು ದೂರವಿಟ್ಟ, ಮದುವೆ ಮುರಿದ ಪ್ರಸಂಗಗಳು ಬಹಳ. ಇದು ಅಂಟುಜಾಡ್ಯವಲ್ಲ, ವಂಶದ ರೋಗವೂ ಅಲ್ಲ ಎಂಬ ಮಾತು ಪ್ರತಿ ಸಭೆಯ ಮೊದಲ ಮಾತಾಗಲಿ. ಗುರುತು ಕಾಣಲು ವರ್ಷಗಳೇ ಹಿಡಿಯುತ್ತವೆ, ಆದ್ದರಿಂದ ಗುರುತಿಲ್ಲದವರೂ ನೀರು ಬದಲಿಸಬೇಕು. ವಿಷ ಇಳಿಸುವ ಮದ್ದು ಎಂದು ಮಾರುವ ಪುಡಿ, ಕಷಾಯಗಳಿಗೆ ಹಣ ಸುರಿಯಬೇಡಿ. ಮುಖ್ಯ ಚಿಕಿತ್ಸೆ ಆರ್ಸೆನಿಕ್ ಒಳಹೋಗುವುದನ್ನು ನಿಲ್ಲಿಸುವುದು ಮತ್ತು ಒಳ್ಳೆಯ ಊಟ. ಅಂಗೈ ಅಂಗಾಲಿನ ಗಂಟು ಬಿರಿದರೆ, ಹುಣ್ಣು ಮಾಯದಿದ್ದರೆ, ಮಚ್ಚೆಯೊಂದು ಬೆಳೆಯುತ್ತಿದ್ದರೆ ಕಾಯದೆ ಜಿಲ್ಲಾಸ್ಪತ್ರೆಯ ಚರ್ಮರೋಗ ವೈದ್ಯರಿಗೆ ತೋರಿಸಿ. ದೇಹದಲ್ಲಿ ಎಷ್ಟಿದೆ ಎಂದು ಮೂತ್ರ ಪರೀಕ್ಷೆಗೆ ಬರೆದರೆ, ಅದಕ್ಕೆ ಮೊದಲು ಮೂರು ನಾಲ್ಕು ದಿನ ಸಮುದ್ರದ ಮೀನು, ಸಿಗಡಿ, ಏಡಿ ತಿನ್ನಬೇಡಿ. ಅವುಗಳ ನಿರಪಾಯದ ಆರ್ಸೆನಿಕ್ಕೂ ಲೆಕ್ಕಕ್ಕೆ ಸೇರಿ ಫಲಿತಾಂಶ ಹೆಚ್ಚಾಗಿ ಕಾಣುತ್ತದೆ.